ಎಸ್‌ಎಸ್‌ಡಿ ಹಾಕಿದ್ರೂ ವಿಸ್ಯಾನ್ ತಗೋವಲ್ದಾ? ವಾಪಸ್ ಕೊಡೂಕಿಂತ ಮೊದ್ಲು ಇದು ನೋಡ್ರಿ

ಹೋದ್ ಬ್ಯಾಸಗಿಯಾಗ ಇಲ್ಲೇ ಕಲಬುರಗಿ ಸೇಡಂ ರೋಡ್ ಕಡಿಂದ ಒಬ್ರು ಫೋನ್ ಮಾಡಿದ್ರು, ಸರ್ವರಿಗೆ ಎಸ್‌ಎಸ್‌ಡಿ ಹಾಕೀವ್ರಿ, ಹೋಸ್ಟ್‌ನಾಗ (ವಿಎಂವೇರ್ ನಡೀತಿರೋ ಆ ಸರ್ವರ್) ಕಾಣ್ತದ ಆದ್ರ ವಿಸ್ಯಾನ್‌ದಾಗ (ಹಲವು ಸರ್ವರಿನ ಡಿಸ್ಕ್ ಕೂಡಿಸಿ ಒಂದೇ ಸ್ಟೋರೇಜ್ ಮಾಡೋ ವಿಎಂವೇರ್ ಸಾಫ್ಟ್‌ವೇರ್) ಲಿಸ್ಟೇ ಖಾಲಿ ಬರ್ಲಿಕತ್ತದ, ಡಿಸ್ಕ್ ಕೆಟ್ಟದೇನ್ರಿ ಅಂತ. ತಡೀರಿ ಅಂದೆ. ಭಾಳ ಸಲ ಡಿಸ್ಕ್ ಕೆಟ್ಟಿರಂಗಿಲ್ಲ.

ಮೊದ್ಲು ಹೋಸ್ಟಿಗೇ ಕೇಳ್ರಿ. ಎಸ್‌ಎಸ್‌ಎಚ್‌ದಾಗ (ದೂರದಿಂದ ಕಮಾಂಡ್ ಹೊಡಿಯೋ ದಾರಿ) ಲಾಗಿನ್ ಆಗಿ ವಿಡಿಕ್ಯೂ ಅಂತ ಹೊಡೀರಿ, ಒಂದು ಸ್ಪೇಸ್ ಬಿಟ್ಟು ಮೈನಸ್ ಕ್ಯೂ (vdq -q). ಒಂದೊಂದು ಡಿಸ್ಕಿಗೂ ಸ್ಟೇಟ್ ಅನ್ನೋ ಸಾಲಿನಾಗ ಎಲಿಜಿಬಲ್ ಅಥವಾ ಇನೆಲಿಜಿಬಲ್ ಅಂತ ಬರ್ತದ, ಕೆಳಗ ರೀಸನ್. ಅವ್ರದ್ರಾಗ 'ಹ್ಯಾಸ್ ಪಾರ್ಟಿಶನ್ಸ್' ಅಂತಿತ್ತು. ಕೇಳಿದ್ರ ಗೊತ್ತಾತು, ಅದು ಹಳೇ ಸರ್ವರಿಂದ ಬಿಚ್ಚಿ ಹಾಕಿದ್ ಡಿಸ್ಕು! ವಿಸ್ಯಾನಿಗೆ ಡಿಸ್ಕ್ ಪೂರಾ ಖಾಲಿ ಬೇಕ್ರಿ, ಒಂದು ಸಣ್ಣ ಪಾರ್ಟಿಶನ್ ಇದ್ರೂ ಮುಟ್ಟಂಗಿಲ್ಲ, ಡೇಟಾ ಅಳಿಸಿಬಿಡಬಾರ್ದು ಅಂತ, ಅದೂ ಖರೇನೇ. ಹೋಸ್ಟ್ ಕ್ಲೈಂಟ್‌ನಾಗ (ಬ್ರೌಸರಿನಾಗ ತೆರೆಯೋ ಹೋಸ್ಟಿನ ಪುಟ) ಸ್ಟೋರೇಜ್, ಡಿವೈಸಸ್, ಆ ಡಿಸ್ಕ್ ಆರಿಸಿ ಕ್ಲಿಯರ್ ಪಾರ್ಟಿಶನ್ ಟೇಬಲ್ ಕೊಡ್ರಿ. ಆದ್ರ ಕೈ ಹಾಕೂಕಿಂತ ಮುಂಚೆ ಡಿವೈಸ್ ಐಡಿ ಕೊನೀ ನಾಲ್ಕು ಅಕ್ಷರ ಎರಡು ಸಲ ಓದ್ರಿ, ನಾ ಒಮ್ಮೆ ಅವಸರದಾಗ ಬಾಜೂ ಡಿಸ್ಕಿನ ಡೇಟಾಸ್ಟೋರೇ ಹಾರಿಸಿ ರಾತ್ರಿಯೆಲ್ಲಾ ಬ್ಯಾಕಪ್ ರಿಸ್ಟೋರ್ ಮಾಡ್ಕೊಂತ ಕುಂತೀನಿ.

ಇನ್ನೊಂದು ತಂಟೆ ರೇಡ್ ಕಾರ್ಡಿಂದು, ಅಂದ್ರ ಡಿಸ್ಕ್‌ಗಳನ್ನ ಕೂಡಿಸಿ ನಡೆಸೋ ಕಾರ್ಡು. ಒಂದೊಂದು ಡಿಸ್ಕಿಗೆ ರೇಡ್ ಝೀರೋ ಮಾಡಿ ಕೊಟ್ರ ಕಾರ್ಡ್ ನಡುವ ನಿಂತು ಎಸ್‌ಎಸ್‌ಡಿ ಅನ್ನೋದ್ನೇ ಮುಚ್ಚಿಡ್ತದ, ಹೋಸ್ಟ್ ಅದನ್ನ ಸಾದಾ ಹಾರ್ಡ್‌ಡಿಸ್ಕ್ ಅಂದ್ಕೋತದ. ಅದೇ ವಿಡಿಕ್ಯೂದಾಗ ಈಸ್‌ಎಸ್‌ಎಸ್‌ಡಿ ಮುಂದ 0 ಇದ್ರ ಇದೇ ಕತಿ. ಹಳೇ ನಮೂನಿ ವಿಸ್ಯಾನ್‌ದಾಗ ಪ್ರತೀ ಡಿಸ್ಕ್ ಗ್ರೂಪಿಗೂ ಒಂದು ಫ್ಲ್ಯಾಶ್ (ಅಂದ್ರ ಎಸ್‌ಎಸ್‌ಡಿ) ಕ್ಯಾಶ್ ಬೇಕೇ ಬೇಕು, ಅದ್ರ ಜೋಡಿ ಡೇಟಾ ಇಡೋ ಕೆಪಾಸಿಟಿ ಡಿಸ್ಕ್ 1ರಿಂದ 7, ಹಿಂಗಾಗಿ ಫ್ಲ್ಯಾಶೇ ಕಾಣ್ದಿದ್ರ ಗ್ರೂಪೇ ಆಗಂಗಿಲ್ಲ. ಕಾರ್ಡ್ ಪಾಸ್‌ಥ್ರೂ ಮೋಡಿಗೆ (ಡಿಸ್ಕ್ ಇದ್ದಂಗ ನೇರ ಹೋಸ್ಟಿಗೆ ತೋರಿಸೋದು) ಹಾಕೋದೇ ಛಲೋ. ಆಗ್ಲಿಲ್ಲಂದ್ರ ವಿಎಂವೇರ್ ವಿಸ್ಫಿಯರ್ 6.0ರಿಂದ ಮಾರ್ಕ್ ಆ್ಯಸ್ ಫ್ಲ್ಯಾಶ್ ಬಟನ್ ಅದ. ತಿರುಗೋ ಹಾರ್ಡ್‌ಡಿಸ್ಕಿಗೆ ಮಾತ್ರ ಒತ್ತಬ್ಯಾಡ್ರಿ ಮತ್ತ, ಸ್ಪೀಡ್ ಏನು ಬರಂಗಿಲ್ಲ.

ವಿಸ್ಯಾನ್ 8ರ ಹೊಸಾ ನಮೂನಿ, ಈಎಸ್‌ಎ, ಹಾಕೋರಿದ್ರ ಸಾಟಾ, ಸ್ಯಾಸ್ ಎಸ್‌ಎಸ್‌ಡಿ ನಡ್ಯಂಗಿಲ್ಲ, ಎನ್‌ವಿಎಂಇ ಎಸ್‌ಎಸ್‌ಡಿ ಅಷ್ಟೇ.

ಎಲಿಜಿಬಲ್ ಅಂತ ಬಂದ್ರೂ ಕಾಂಪಾಟಿಬಿಲಿಟಿ ಗೈಡ್‌ನಾಗ (ವಿಎಂವೇರ್ ಒಪ್ಪಿದ ಹಾರ್ಡ್‌ವೇರ್ ಪಟ್ಟಿ) ಮಾಡೆಲ್, ಫರ್ಮ್‌ವೇರ್ ಹುಡುಕ್ರಿ, ಯಾಕಂದ್ರ ಲ್ಯಾಪ್‌ಟಾಪಿನ ಸೋವಿ ಎಸ್‌ಎಸ್‌ಡಿನೂ ಎಲಿಜಿಬಲ್ ಅಂತಾನೇ ತೋರಿಸ್ತದ, ಅವುಗಳಾಗ ಬಹಳಷ್ಟಕ್ಕ ಕರೆಂಟ್ ಹೋದಾಗ ಬರೀತಿದ್ದ ಡೇಟಾ ಉಳಿಸೋ ಕೆಪಾಸಿಟರ್ ಇರಂಗಿಲ್ಲ, ನಮ್ಮ ಕಡೆ ಕರೆಂಟ್ ಹೆಂಗ ಅದ ಅಂತ ನಿಮಗ ನಾ ಏನ್ ಹೇಳ್ಲಿ.

ಎಲ್ಲಾ ಆದ್ಮ್ಯಾಲ ಸ್ಟೋರೇಜ್ ರಿಸ್ಕ್ಯಾನ್ ಕೊಟ್ಟು ಮತ್ತೊಮ್ಮೆ ವಿಡಿಕ್ಯೂ ಹೊಡೀರಿ.