ದೊಡ್ಡವರಿಗೂ ಎಡಿಎಚ್‌ಡಿ ತಪಾಸಣೆ: ವೈದ್ಯರು ಚೀಟಿ ಕೊಟ್ಟ ಮೇಲೆ ಏನು?

‘ಎಡಿಎಚ್‌ಡಿ ಇದೆಯೇ ಎಂದು ಒಮ್ಮೆ ಮನೋವೈದ್ಯರಲ್ಲಿ ತೋರಿಸಿಕೊಳ್ಳಿ’ ಎಂದು ವೈದ್ಯರು ಚೀಟಿ ಬರೆದುಕೊಟ್ಟಾಗ ಮೂವತ್ತೋ ನಲವತ್ತೋ ದಾಟಿದವರಿಗೆ ಗಲಿಬಿಲಿಯಾಗುತ್ತದೆ. ಒಂದೆಡೆ ಕೂರಲಾರದ ಮಕ್ಕಳ ತೊಂದರೆಯಲ್ಲವೇ ಅದು? ಗಮನ ನಿಲ್ಲದ, ಚಡಪಡಿಸುವ, ದುಡುಕುವ ಈ ತೊಂದರೆ ಬಾಲ್ಯದಲ್ಲಿ ಶುರುವಾಗುವುದು ನಿಜ, ಆದರೆ ಹಲವರಲ್ಲಿ ಅದು ಬಾಲ್ಯದೊಂದಿಗೆ ಮುಗಿಯುವುದಿಲ್ಲ. ಮಗನ ತಪಾಸಣೆಗೆಂದು ಹೋದ ತಾಯಿ, ವೈದ್ಯರ ಪ್ರಶ್ನೆಗಳಲ್ಲಿ ತನ್ನನ್ನೇ ಕಂಡುಕೊಳ್ಳುವುದೂ ಉಂಟು. ಇದು ಕುಟುಂಬಗಳಲ್ಲಿ ಹರಿದುಬರುವ ತೊಂದರೆ.

ಯಾರ ಬಳಿ ಹೋಗಬೇಕು?

ರೋಗನಿರ್ಣಯ ಮಾಡಿ ಔಷಧ ಬರೆಯುವವರು ಮನೋವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್ ವಿವರವಾದ ಸಂದರ್ಶನ, ಪರೀಕ್ಷೆಗಳನ್ನು ಮಾಡಬಲ್ಲರು, ಔಷಧ ಬರೆಯುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ವಿಚಾರಿಸಬಹುದು. ಎಲ್ಲಿಂದ ಶುರುಮಾಡುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಖಾಸಗಿ ಕ್ಲಿನಿಕ್ ಆದರೆ ದಿನ ಗೊತ್ತುಮಾಡುವಾಗಲೇ ಮೂರು ಪ್ರಶ್ನೆ ಕೇಳಿ: ವಯಸ್ಕರನ್ನು ನೋಡುತ್ತೀರಾ, ಎಷ್ಟು ಸಲ ಬರಬೇಕು, ಒಟ್ಟು ಖರ್ಚು ಎಷ್ಟು?

ಹೋಗುವ ಮೊದಲು

ನನ್ನ ಪ್ರಕಾರ ಅರ್ಧ ತಪಾಸಣೆ ಮನೆಯಲ್ಲೇ ಆಗುತ್ತದೆ. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಹೆಚ್ಚಾಗಿ ಅನುಸರಿಸುವ ಡಿಎಸ್‌ಎಂ–5 ಕೈಪಿಡಿಯ (2013) ಪ್ರಕಾರ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಹಾಗಾಗಿ ನಿಮ್ಮ ಬಾಲ್ಯಕ್ಕೆ ಸಾಕ್ಷಿ ಬೇಕು. ನಮ್ಮ ಹಳೆಯ ಅಂಕಪಟ್ಟಿಗಳಲ್ಲಿ ಅಂಕ ಬಿಟ್ಟರೆ ಮೇಷ್ಟರ ಮಾತು ಸಿಗುವುದು ಅಪರೂಪ. ಆದ್ದರಿಂದ ಅಮ್ಮನನ್ನು ಕೇಳಿ, ಅಕ್ಕನನ್ನು ಕೇಳಿ, ಪ್ರಾಥಮಿಕ ಶಾಲೆಯ ಗೆಳೆಯರನ್ನು ಕೇಳಿ. ಮಳೆಗಾಲಕ್ಕೆ ಎಷ್ಟು ಕೊಡೆ ಕಳೆದಿರಿ? ಪ್ರಶ್ನೆಪತ್ರಿಕೆಯ ಹಿಂಬದಿ ನೋಡದೆ ಎದ್ದುಬಂದದ್ದುಂಟೇ? ಹೆಣ್ಣುಮಕ್ಕಳಾದರೆ ಇನ್ನೊಂದು ಮಾತು. ಗಲಾಟೆ ಮಾಡದೆ, ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಯನ್ನು ‘ಪಾಪ, ಮೆತ್ತಗಿನ ಮಗು’ ಎಂದು ಬಿಟ್ಟಿರುತ್ತಾರೆ. ಯಾರೂ ದೂರು ಹೇಳದಿದ್ದುದಕ್ಕೇ ಯಾರೂ ಗಮನಿಸಿರುವುದಿಲ್ಲ. ಆ ಕಿಟಕಿಯ ನೆನಪನ್ನೂ ಬರೆದುಕೊಳ್ಳಿ.

ಈಗಿನ ಬದುಕಿನದೂ ಬೇಕು. ‘ಯಾವಾಗಲೂ ಮರೆಯುತ್ತೇನೆ’ ಎಂದರೆ ವೈದ್ಯರಿಗೆ ಹೆಚ್ಚೇನೂ ಸಿಗುವುದಿಲ್ಲ. ‘ಕಳೆದ ವಾರ ಎರಡು ಸಲ ಹಾಲು ಉಕ್ಕಿಸಿದೆ, ದುಡ್ಡಿದ್ದೂ ಕರೆಂಟ್ ಬಿಲ್ ಕಟ್ಟಲಿಲ್ಲ, ಒಂದು ಪತ್ರ ಬರೆಯಲು ಮೂರು ದಿನ ಬೇಕಾಯಿತು’ ಎಂದರೆ ಸಿಗುತ್ತದೆ. ಮನೆ, ಕೆಲಸ, ಹಣ, ಸಂಬಂಧ ಎಲ್ಲದರಿಂದಲೂ ಒಂದೆರಡು ಘಟನೆ ಇರಲಿ. ತೊಂದರೆ ಒಂದೇ ಕಡೆ ಇದ್ದರೆ, ಉದಾಹರಣೆಗೆ ಕಚೇರಿಯಲ್ಲಿ ಮಾತ್ರ ಕಂಡರೆ, ಕಾರಣ ಬೇರೆಯಿರಬಹುದು. ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ, ಹಳೆಯ ರಕ್ತಪರೀಕ್ಷೆಯ ವರದಿ ಜೊತೆಗಿರಲಿ. ಸಾಧ್ಯವಾದರೆ ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಒಬ್ಬರನ್ನು ಕರೆದೊಯ್ಯಿರಿ.

ತಪಾಸಣೆಯ ದಿನ

ಮೊದಲು ಪ್ರಶ್ನಾವಳಿ ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸ್ವವರದಿ ಪ್ರಶ್ನಾವಳಿಯಲ್ಲಿ 18 ಪ್ರಶ್ನೆಗಳಿವೆ, ಮೊದಲ ಆರು ಜರಡಿ ಹಿಡಿಯಲು. ಅಂತರ್ಜಾಲದಲ್ಲಿ ಅದನ್ನು ತುಂಬಿ ತಾವೇ ತೀರ್ಮಾನಕ್ಕೆ ಬರುವವರಿದ್ದಾರೆ. ಜರಡಿಯಲ್ಲಿ ಉಳಿದದ್ದೆಲ್ಲ ಎಡಿಎಚ್‌ಡಿ ಅಲ್ಲ. ನಿಜವಾದ ಕೆಲಸ ನಡೆಯುವುದು ಮಾತುಕತೆಯಲ್ಲಿ. ಗಮನಕ್ಕೆ ಸಂಬಂಧಿಸಿದ ಒಂಬತ್ತು, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳನ್ನು ವೈದ್ಯರು ಒಂದೊಂದಾಗಿ ಕೆದಕುತ್ತಾರೆ. 17 ತುಂಬಿದವರಲ್ಲಿ ಯಾವುದಾದರೂ ಒಂದು ಗುಂಪಿನ ಕನಿಷ್ಠ ಐದು ಲಕ್ಷಣಗಳು ಇರಬೇಕು, ಅವು ಬದುಕಿಗೆ ತೊಡಕಾಗಿರಬೇಕು.

ನಿದ್ದೆ, ಕುಡಿತ, ಆತಂಕ, ಖಿನ್ನತೆಯ ಬಗ್ಗೆಯೂ ಕೇಳುತ್ತಾರೆ. ವಿಷಯಾಂತರವೆಂದು ಬೇಸರಪಡಬೇಡಿ. ಥೈರಾಯ್ಡ್ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಖಿನ್ನತೆ ಇವೂ ಗಮನವನ್ನು ಚದುರಿಸುತ್ತವೆ. ರಕ್ತಪರೀಕ್ಷೆ ಬರೆದರೆ ಅದು ಇಂಥವನ್ನು ಹೊರಗಿಡಲು. ಎಡಿಎಚ್‌ಡಿಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಮಿದುಳಿನ ಸ್ಕ್ಯಾನ್ ಆಗಲಿ ಇಲ್ಲ. ಸ್ಕ್ಯಾನ್ ಮಾಡಿ ಹೇಳಿಬಿಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ಒಂದು ಬೇಡಿಕೆ: ಒಳ್ಳೆಯವರೆನಿಸಿಕೊಳ್ಳಲು ಉತ್ತರಿಸಬೇಡಿ. ವರ್ಷಗಟ್ಟಲೆ ‘ಸೋಮಾರಿ’, ‘ಬೇಜವಾಬ್ದಾರಿ’ ಎನಿಸಿಕೊಂಡವರು ವೈದ್ಯರ ಮುಂದೆಯೂ ತಮ್ಮ ಕಷ್ಟವನ್ನು ಚಿಕ್ಕದು ಮಾಡಿ ಹೇಳುತ್ತಾರೆ. ಗಡುವಿನ ಹಿಂದಿನ ರಾತ್ರಿಯೆಲ್ಲ ಕೂತು ಕೆಲಸ ಮುಗಿಸಿದ್ದರೆ, ಮುಗಿಸಿದ್ದನ್ನಷ್ಟೇ ಅಲ್ಲ, ಆ ರಾತ್ರಿಯನ್ನೂ ಹೇಳಿ.

ಫಲಿತಾಂಶದ ನಂತರ

ಮೊದಲ ದಿನವೇ ಉತ್ತರ ಸಿಗದಿರಬಹುದು. ‘ಎಡಿಎಚ್‌ಡಿ ಅಲ್ಲ’ ಎಂದರೆ ಮತ್ತೇನು ಎಂದು ಕೇಳಿ. ನಿಮ್ಮ ಕಷ್ಟವಂತೂ ಸುಳ್ಳಲ್ಲ. ಹೌದೆಂದರೆ ಔಷಧ, ಸಮಾಲೋಚನೆ, ದಿನಚರಿಯ ಮಾರ್ಪಾಡುಗಳ ಬಗ್ಗೆ ಮಾತುಕತೆ ನಡೆಯುತ್ತದೆ. ಸಾಮಾನ್ಯವಾಗಿ ಬಳಸುವ ಮಿಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಷೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಬಿಗಿ ನಿಯಮವಿರುವ ಪಟ್ಟಿಯದು. ಅದಕ್ಕೆ ಎರಡು ಪ್ರತಿಗಳಲ್ಲಿ ಬರೆದ ಚೀಟಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ, ಎಲ್ಲ ಔಷಧ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ಅಂಗಡಿಯಾತ ಹೆಚ್ಚು ಪ್ರಶ್ನೆ ಕೇಳಿದರೆ ಅದು ನಿಯಮ, ನಿಮ್ಮ ಮೇಲಿನ ಅನುಮಾನವಲ್ಲ. ಶುರುಮಾಡುವ ಮೊದಲು ರಕ್ತದೊತ್ತಡ, ನಾಡಿ ನೋಡುತ್ತಾರೆ. ಹೃದಯದ ತೊಂದರೆಯಿದ್ದರೆ ಮುಚ್ಚಿಡದೆ ಹೇಳಿ. ಇದು ಒಗ್ಗದವರಿಗೆ ಅಟೊಮೊಕ್ಸೆಟಿನ್‌ನಂಥ ಬೇರೆ ಔಷಧಗಳೂ ಇವೆ. ಅಟೊಮೊಕ್ಸೆಟಿನ್‌ನ ಪೂರ್ತಿ ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ.

ಕಚೇರಿಗೆ ತಿಳಿಯುತ್ತದೆಯೇ ಎಂಬ ಭಯ ಹಲವರಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ಮಾಹಿತಿಯನ್ನು ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ. ಹೇಳುವುದೂ ಬಿಡುವುದೂ ನಿಮ್ಮ ಇಷ್ಟ. ವರದಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ, ಅದರ ಫೋಟೊ ತೆಗೆದು ಮನೆಯವರೊಬ್ಬರಿಗೆ ಕಳಿಸಿಡಿ. ಮುಂದಿನ ಭೇಟಿಯ ದಿನವನ್ನು ಆಸ್ಪತ್ರೆಯ ಗೇಟು ದಾಟುವ ಮೊದಲೇ, ಅಲ್ಲೇ ನಿಂತು, ಮೊಬೈಲ್‌ನಲ್ಲಿ ಹಾಕಿಕೊಳ್ಳಿ.