ಪಾಲುಪತ್ರಕ್ಕೆ ಸಹಿ, ಸಾಕ್ಷಿ: ಎಡವುವುದು ಎಲ್ಲಿ?

ಕುಟುಂಬದ ಆಸ್ತಿ ಹಂಚಿಕೊಳ್ಳುವ ಪಾಲುಪತ್ರ ಬರೆಸುವಾಗ ಮೊದಲು ವಂಶವೃಕ್ಷ ಇಟ್ಟುಕೊಂಡು ಪಾಲುದಾರರನ್ನೆಲ್ಲ ಎಣಿಸಿ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ. ಮದುವೆಯಾಗಿ ಹೋದ ಅಕ್ಕನ ಸಹಿ ಬಿಟ್ಟರೆ ಮುಂದೆ ದಾವೆ ಬಂದೀತು. ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಪದ್ಧತಿಯ) ಮನೆತನವಾದರೆ ಲೆಕ್ಕವೇ ಬೇರೆ. ವಕೀಲರನ್ನು ಕೇಳದೆ ಬರೆಸಬೇಡಿ.

ದುಬೈಯಲ್ಲಿರುವ ತಮ್ಮ ಬರಲಾಗದಿದ್ದರೆ ತನ್ನ ಪರವಾಗಿ ಇನ್ನೊಬ್ಬರು ಸಹಿ ಹಾಕುವ ಅಧಿಕಾರ ಪತ್ರಕ್ಕೆ (ಪವರ್ ಆಫ್ ಅಟಾರ್ನಿ) ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಹಾಕಿ ಕಳುಹಿಸಲಿ. ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಇದನ್ನು ಮರೆಯುವವರೇ ಜಾಸ್ತಿ. ಮುಂಬೈಯಲ್ಲಿರುವವರಿಗೆ ಬರೀ ನೋಟರಿ ಮುದ್ರೆಗಿಂತ ಅಲ್ಲಿನ ಸಬ್ ರಿಜಿಸ್ಟ್ರಾರ್ ದೃಢೀಕರಿಸಿದ ಅಧಿಕಾರ ಪತ್ರವೇ ಕ್ಷೇಮ.

ಸಹಿ ಪ್ರತಿ ಪುಟದಲ್ಲೂ ಇರಲಿ. ಆಸ್ತಿ ಷೆಡ್ಯೂಲಿನಲ್ಲಿ (ಪತ್ರದಲ್ಲಿರುವ ಆಸ್ತಿಗಳ ವಿವರಪಟ್ಟಿ) ಸರ್ವೆ ನಂಬರ್ ತಿದ್ದಿದ್ದರೆ ಅದರ ಪಕ್ಕದಲ್ಲೂ ಎಲ್ಲರೂ ಹಾಕಬೇಕು. ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಪತ್ರವನ್ನು ಓದಿ ಹೇಳಿ, ಹಾಗೆ ಹೇಳಿದ್ದನ್ನೂ ಬರೆಯಿರಿ.

ಸಾಕ್ಷಿಗಳು ಇಬ್ಬರು, ಪಾಲಿಲ್ಲದವರು. ಸಹಿಯನ್ನು ಕಣ್ಣಾರೆ ಕಂಡವರೇ ಆಗಲಿ. ಮರುದಿನ ಅಂಗಡಿಯಲ್ಲಿ ಕೂತು ಸಹಿ ಹಾಕಿದವನು ಕೋರ್ಟಿನ ಪಾಟೀಸವಾಲಿನಲ್ಲಿ ನಿಲ್ಲುವುದಿಲ್ಲ. ದಾನಪತ್ರಕ್ಕೂ ವೀಲುನಾಮೆಗೂ ಇಬ್ಬರು ಸಾಕ್ಷಿಗಳು ಕಾನೂನಿನಲ್ಲೇ ಕಡ್ಡಾಯ. ಕ್ರೈಸ್ತರ ವೀಲುನಾಮೆಯಲ್ಲಂತೂ ಸಾಕ್ಷಿ ಹಾಕಿದವರಿಗೆ ಬರೆದ ಆಸ್ತಿ ಅವರಿಗೆ ದಕ್ಕುವುದಿಲ್ಲ.

ಪಾಲುಪತ್ರವನ್ನು ಸಹಿಯಾದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಿ. ತಡವಾದರೆ ದಂಡ, ನೋಂದಣಿಯೇ ಆಗದಿದ್ದರೆ ಪಾಲಿನ ಹಕ್ಕು ಸಾಬೀತುಪಡಿಸಲು ಆ ಪತ್ರ ನಡೆಯದು.