ಬಫರ್ ತೂಕ: ಎಚ್3 ಹಾಕಿ ಎಚ್2ಗೆ ಇಳಿದ ಕಥೆ

ಕೊಡಗಿನ ಮನೆಯಲ್ಲಿದ್ದ ತಾತನ ಜೋಡಿನಳಿಗೆ ಕೋವಿಗೆ ಈ ತಲೆನೋವೇ ಇರಲಿಲ್ಲ. ಮಡಚು, ತೋಟೆ ತುಂಬು, ಹೊಡಿ. ಟೆಕ್ಸಾಸ್‌ಗೆ ಬಂದು ಎಆರ್-15 (ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ರೈಫಲ್) ಕೊಂಡ ಮೇಲೆಯೇ ನನಗೆ ಬಫರ್ ಪರಿಚಯವಾಗಿದ್ದು. ಬಂದೂಕಿನ ಹಿಂಬದಿಯ ಕೊಳವೆಯಲ್ಲಿ ಸ್ಪ್ರಿಂಗ್ ಜೊತೆ ಹಿಂದೆ ಮುಂದೆ ಓಡುವ ತೂಕದ ತುಂಡು ಅದು.

ನನ್ನದು 16 ಇಂಚಿನ ನಳಿಗೆ, ಕಾರ್ಬೈನ್ ಅಳತೆಯ, ಅಂದರೆ ಗಿಡ್ಡ, ಗ್ಯಾಸ್ ಟ್ಯೂಬು. ಗುಂಡು ಹಾರಿದಾಗ ನಳಿಗೆಯ ಗ್ಯಾಸ್ ಸ್ವಲ್ಪ ಹಿಂದೆ ಬಂದು ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಹೊತ್ತ ಕ್ಯಾರಿಯರನ್ನು ತಳ್ಳುತ್ತದೆ. ಅದು ಬಫರ್ ಮತ್ತು ಸ್ಪ್ರಿಂಗನ್ನು ಒತ್ತಿಕೊಂಡು ಹಿಂದೆ ಹೋಗಿ ಮರಳಬೇಕು. ಬಂದೂಕಿನ ಜೊತೆ ಬಂದಿದ್ದು ಮಾಮೂಲಿ 3 ಔನ್ಸಿನ ಬಫರ್, ಅಂದರೆ 85 ಗ್ರಾಂ. ಒದೆತ ಚುರುಕು. ನಳಿಗೆಯ ತುದಿ 12 ಗಂಟೆ ಅಂದುಕೊಂಡರೆ ಖಾಲಿ ಕೇಸುಗಳು 1 ಗಂಟೆಯ ಕಡೆ, ಮುಂದಕ್ಕೆ ಹಾರುತ್ತಿದ್ದವು. ಗ್ಯಾಸ್ ಜಾಸ್ತಿ ಅಂತ ಅರ್ಥ.

ಬಫರ್ ಭಾರವಾದರೆ ಬೋಲ್ಟ್ ಓಟ ನಿಧಾನವಾಗುತ್ತದೆ. ಎಚ್, ಎಚ್2, ಎಚ್3 ಅಂತ ಭಾರ ಏರುತ್ತಾ ಹೋಗುವ ಬಫರ್‌ಗಳು ಸಿಗುತ್ತವೆ. ಭಾರ ಹೆಚ್ಚಿದಷ್ಟೂ ಒಳ್ಳೆಯದು ಅಂದುಕೊಂಡು ನೇರವಾಗಿ ಎಚ್3 ತಂದೆ. ಸುಮಾರು ಐದೂವರೆ ಔನ್ಸು. ಸೆಪ್ಟೆಂಬರಿನ ಬಿಸಿಲಲ್ಲಿ ಖಾರವಾದ, ಅಂದರೆ ಒತ್ತಡ ಹೆಚ್ಚಿರುವ, 5.56 ತೋಟೆ ಹಾಕಿ ಹೊಡೆದೆ. ಬೆಣ್ಣೆ! ಜನವರಿಯ ಒಂದು ಬೆಳಿಗ್ಗೆ ನೀರು ಹೆಪ್ಪುಗಟ್ಟುವ ಚಳಿ. ಅವತ್ತು ತಂದಿದ್ದು ಅಗ್ಗದ ಉಕ್ಕಿನ ಕೇಸಿನ ಸಪ್ಪೆ .223 ತೋಟೆ. ಮೂರನೇ ಗುಂಡಿಗೇ ಬೋಲ್ಟ್ ಪೂರ್ತಿ ಹಿಂದೆ ಹೋಗಲಿಲ್ಲ, ಖಾಲಿ ಕೇಸು ಕಿಂಡಿಯಲ್ಲಿ ನೆಟ್ಟಗೆ ನಿಂತುಕೊಂಡಿತು. ತೆಗೆದು ಹೊಡೆದರೆ ಮತ್ತೆ ಅದೇ.

ಇದನ್ನು ಮೊದಲೇ ಯೋಚಿಸಬೇಕಿತ್ತು, ಅಲ್ವಾ? ನಾವು ಹೊಡೆಯುವುದರಲ್ಲೇ ಸಪ್ಪೆ ತೋಟೆ, ಅತಿ ಚಳಿಯ ದಿನ: ಅಲ್ಲೂ ಓಡುವಷ್ಟು ಭಾರ ಸಾಕು.

ಹೊಸ ಬಫರಿಗೆ ದುಡ್ಡು ಹಾಕಲಿಲ್ಲ. ಮ್ಯಾಗಝೀನ್ ತೆಗೆದು, ಚೇಂಬರ್ ಖಾಲಿಯಿದೆಯಾ ಅಂತ ಎರಡು ಸಲ ನೋಡಿ, ಎಚ್3 ಹೊರಗೆ ತೆಗೆದೆ. ರಬ್ಬರ್ ತಲೆ ಹಿಡಿದಿರುವ ಸಣ್ಣ ಪಿನ್ ತಟ್ಟಿ ತೆಗೆದರೆ ಒಳಗೆ ಮೂರು ಟಂಗ್‌ಸ್ಟನ್ ತುಂಡು. ಹಳೆಯ ಬಫರಿನಲ್ಲಿ ಮೂರೂ ಉಕ್ಕು. ನೋಡೋಕೆ ಅಣ್ಣತಮ್ಮಂದಿರು, ಅಂಗೈ ಮೇಲಿಟ್ಟರೆ ತಿಳಿಯುತ್ತೆ. ಒಂದೊಂದು ಅದಲುಬದಲು ಮಾಡಿದೆ. ಎರಡು ಟಂಗ್‌ಸ್ಟನ್, ಒಂದು ಉಕ್ಕು: ಅದೇ ಎಚ್2.

ಮುಂದಿನ ಚಳಿಗೆ ಅದೇ ಅಗ್ಗದ ತೋಟೆ. ಮ್ಯಾಗಝೀನಿಗೆ ಒಂದೇ ಒಂದು ಹಾಕಿ ಹೊಡೆಯುವುದು, ಬೋಲ್ಟ್ ಹಿಂದೆ ನಿಲ್ಲುತ್ತಾ ನೋಡುವುದು. ಮ್ಯಾಗಝೀನ್ ಖಾಲಿಯಾದಾಗ ಬೋಲ್ಟ್ ಪೂರ್ತಿ ಹಿಂದೆ ಹೋದರೆ ಮಾತ್ರ ಅಲ್ಲೇ ನಿಲ್ಲುತ್ತದೆ. ಹತ್ತಕ್ಕೆ ಹತ್ತೂ ನಿಂತಿತು. ಕೇಸುಗಳು ಮೂರೂವರೆ ಗಂಟೆಯ ದಿಕ್ಕಿಗೆ ಗುಡ್ಡೆ ಬಿದ್ದವು, ಅಂದರೆ ಹದ ಸರಿಯಾಗಿದೆ.

ಅಂದಹಾಗೆ, ಒಂದು ಟಂಗ್‌ಸ್ಟನ್ ಸೇರಿದ್ದರಿಂದ ಡ್ರಾಯರ್‌ನಲ್ಲಿರುವ ಆ ಹಳೆಯ ಬಫರ್ ಈಗ ಸುಮ್ನೆ ಕೂತಲ್ಲೇ ಎಚ್ ಆಗಿದೆ.